ಹಳೆಯ ಸಿ10ಗೆ ಎಲ್‌ಎಸ್ ಎಂಜಿನ್: ಹೆಡರ್ ಕೊಳ್ಳುವ ಮುನ್ನ

ಪ್ರಶ್ನೆ: ನನ್ನ ಬಳಿ 1972ರ ಶೆವ್ರೊಲೆ ಸಿ10 ಪಿಕಪ್ ಇದೆ. ಫೋರ್ ವೀಲ್ ಡ್ರೈವ್ ಅಲ್ಲ. ಅದರ 350 ಘನ ಇಂಚಿನ ಎಂಜಿನ್ ಇಳಿಸಿ, 2003ರ ಸಿಲ್ವರಾಡೋ ಪಿಕಪ್ಪಿನಿಂದ ತೆಗೆದ, ಎಲ್‌ಎಸ್ ಸರಣಿಯ 5.3 ಲೀಟರಿನ ಎಲ್‌ಎಂ7 ಎಂಜಿನ್ ಮತ್ತು ಅದರದೇ 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸುತ್ತಿದ್ದೇನೆ. ಹಳೆಯ ಎಂಜಿನ್ನಿನ ಹೆಡರ್, ಅಂದರೆ ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಕೊಳವೆಗಳ ಗೊಂಚಲು, ಇನ್ನೂ ಗಟ್ಟಿಯಾಗಿದೆ, ಅದನ್ನೇ ಹಾಕಬಹುದೇ? ಹೊಸದೇ ಬೇಕೆಂದರೆ ಉದ್ದ ಕೊಳವೆಯದೋ, ಗಿಡ್ಡದೋ? ರೇಸಿನ ಗಾಡಿಯಲ್ಲ, ಆಗಾಗ ಆಫೀಸಿಗೂ ಓಡಿಸುತ್ತೇನೆ.
– ಓದುಗರೊಬ್ಬರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಹಳೆಯ ಹೆಡರನ್ನು ಯಾರಿಗಾದರೂ ಮಾರಿಬಿಡಿ. ಎರಡೂ ಶೆವ್ರೊಲೆ ವಿ8 ಎಂಜಿನ್ನುಗಳೇ, ಎರಡರಲ್ಲೂ ಸಿಲಿಂಡರಿನಿಂದ ಸಿಲಿಂಡರಿಗೆ 4.40 ಇಂಚಿನ ಅಂತರವೇ. ಆದರೆ ಹಳೆಯ 350ರಲ್ಲಿ ಪ್ರತಿ ಬದಿಯ ನಡುವಿನ ಎರಡು ಹೊಗೆಬಾಯಿಗಳು ಒಂದಕ್ಕೊಂದು ಅಂಟಿಕೊಂಡಂತಿವೆ, ಎಲ್‌ಎಸ್‌ನಲ್ಲಿ ನಾಲ್ಕೂ ಸಮದೂರದಲ್ಲಿವೆ. ಬೋಲ್ಟಿನ ತೂತುಗಳೂ ಹೊಂದುವುದಿಲ್ಲ. ಇನ್ನೊಂದು ಎಚ್ಚರಿಕೆ: 2014ರಿಂದ ಬಂದ ಎಲ್‌ಟಿ ಸರಣಿಯ ಎಂಜಿನ್ನುಗಳ ಹೆಡರ್ ಬೇರೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅದನ್ನು ತಂದರೆ ಗೋಡೆಗೆ ನೇತುಹಾಕಬೇಕಾದೀತು.

ಉದ್ದವೋ ಗಿಡ್ಡವೋ ಎಂದು ಕೇಳಿದ್ದೀರಿ. ಅದಕ್ಕೂ ಮೊದಲು ಎಂಜಿನ್ ಚಾಸಿಯಲ್ಲಿ ಎಲ್ಲಿ ಕೂರುತ್ತದೆ ಎಂಬುದು ತೀರ್ಮಾನವಾಗಬೇಕು. ಎಂಜಿನ್ ಬರುವ ಮುಂಚೆಯೇ ಹೆಡರ್ ತರಿಸಿ ಕಪಾಟಿನಲ್ಲಿ ಇಟ್ಟುಕೊಳ್ಳುವವರು ಬಹಳ ಜನ. ಮುಕ್ಕಾಲು ಪಾಲು ತೊಂದರೆ ಶುರುವಾಗುವುದು ಅಲ್ಲೇ. ಹಳೆಯ 350ರ ಬ್ಲಾಕಿಗೆ ಪ್ರತಿ ಬದಿಯಲ್ಲಿ ಮೂರು ಬೋಲ್ಟಿನ ಮೌಂಟ್ (ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಆಧಾರ), ಎಲ್‌ಎಸ್‌ಗೆ ನಾಲ್ಕು ಬೋಲ್ಟಿನದು. ಆದ್ದರಿಂದ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಆ ಪ್ಲೇಟುಗಳಲ್ಲಿ ಕೆಲವು ಎಂಜಿನ್ನನ್ನು ಮುಂದಕ್ಕೆ, ಕೆಲವು ಹಿಂದಕ್ಕೆ ಕೂರಿಸುತ್ತವೆ. ಒಂದು ಇಂಚು ಅತ್ತಿತ್ತ ಆದರೂ ಸಾಕು, ಸಲೀಸಾಗಿ ಹೋಗುತ್ತಿದ್ದ ಕೊಳವೆ ಸ್ಟೀರಿಂಗ್ ಶಾಫ್ಟಿಗೆ ತಾಗುತ್ತದೆ. ಹೆಡರ್ ತಯಾರಕರು ‘1967ರಿಂದ 72ರ ಸಿ10ಗೆ’ ಎಂದು ಬರೆದಿರುತ್ತಾರೆ ನಿಜ, ಆದರೆ ಅದು ಅವರದೇ ಮೌಂಟಿನ ಜೊತೆಗೆ ಅಳತೆ ಮಾಡಿದ್ದು. ಒಬ್ಬರ ಮೌಂಟ್, ಇನ್ನೊಬ್ಬರ ಹೆಡರ್ ಎಂದು ಬೆರಸಬೇಡಿ. ಬೆರಸಲೇಬೇಕಾದರೆ ಎಂಜಿನ್ ಕೂರಿಸಿ, ಜಾಗ ಅಳೆದು, ಆಮೇಲೆ ದುಡ್ಡು ಕೊಡಿ.

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಆಯಿಲ್ ಪ್ಯಾನ್ ಕೂಡ ಇದೇ ಲೆಕ್ಕದಲ್ಲಿ ಬರುತ್ತದೆ. ಸಿಲ್ವರಾಡೋದ ಪ್ಯಾನ್ ಆಳವಾದದ್ದು. ನಿಮ್ಮ ಗಾಡಿಯಲ್ಲಿ ಅದು ಚಾಸಿಯ ಅಡ್ಡತೊಲೆಯಾದ ಕ್ರಾಸ್‌ಮೆಂಬರಿನ ಕೆಳಗೆ ಜೋತು ಬೀಳುತ್ತದೆ. ಅದು ಬೇಡವೆಂದು ಎಂಜಿನ್ನನ್ನೇ ಮೇಲಕ್ಕೆತ್ತಿದರೆ ಹೆಡರಿನ ಜಾಗವೂ ಬದಲಾಗುತ್ತದೆ. ಇಂಥ ಅದಲುಬದಲಿಗೆಂದೇ ಬರುವ ಪ್ಯಾನ್ ಮೊದಲು ಹಾಕಿಕೊಳ್ಳಿ. ಆಯಿಲ್ ಫಿಲ್ಟರ್ ಎಡಗಡೆ, ಸ್ಟಾರ್ಟರ್ ಬಲಗಡೆ ಇದೆ ಎಂಬುದು ನೆನಪಿರಲಿ. ಕೊಳವೆ ಇವೆರಡಕ್ಕೂ ಒರಸಿಕೊಂಡು ಹೋಗುವಂತಿದ್ದರೆ ಫಿಲ್ಟರ್ ಬಿಚ್ಚುವಾಗ ಕೈ ಸುಡುತ್ತದೆ, ಸ್ಟಾರ್ಟರ್ ಬಿಸಿಯೇರಿ ಪೆಟ್ರೋಲ್ ಬಂಕಿನಲ್ಲಿ ಗಾಡಿ ಮೊಂಡು ಹಿಡಿಯುತ್ತದೆ.

ಎಡಗಡೆಯೇ ಇಕ್ಕಟ್ಟು. ಅಮೆರಿಕದ ಗಾಡಿಯಲ್ಲಿ ಸ್ಟೀರಿಂಗ್ ಇರುವುದು ಅಲ್ಲೇ. ಆ್ಯಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಎಡಬದಿ ಮೇಲಕ್ಕೆ ಎದ್ದು ಬಲಕ್ಕೆ ವಾಲುತ್ತದೆ. ಗ್ಯಾರೇಜಿನಲ್ಲಿ ನಿಂತಾಗ ಕೊಳವೆಗೂ ಶಾಫ್ಟಿಗೂ ನಡುವೆ ಬೆರಳು ತೂರಿತು ಎಂದರೆ ಸಾಲದು. ಹಳೆಯ ರಬ್ಬರ್ ಮೌಂಟಿನ ಮೇಲಿದ್ದರೆ ಕನಿಷ್ಠ ಅರ್ಧ ಇಂಚಾದರೂ ಬಿಡಿ, ಮುಕ್ಕಾಲು ಇದ್ದರೆ ಇನ್ನೂ ನೆಮ್ಮದಿ. ಸ್ಟೀರಿಂಗ್ ಬಾಕ್ಸಿನ ತಲೆಯಲ್ಲಿ ರಬ್ಬರು-ಬಟ್ಟೆಯ ಜಾಯಿಂಟ್ ಇರುತ್ತದೆ; ಕೊಳವೆ ಅದರ ಪಕ್ಕದಲ್ಲೇ ಹಾದರೆ ಅದು ಒಣಗಿ ಬಿರುಕು ಬಿಡುತ್ತದೆ. ಸ್ಟೀರಿಂಗಿನ ವಿಷಯ, ಉಳಿತಾಯ ಮಾಡುವ ಜಾಗವಲ್ಲ. ಉಕ್ಕಿನ ಯೂನಿವರ್ಸಲ್ ಜಾಯಿಂಟ್ ಇರುವ ಸಣ್ಣ ಶಾಫ್ಟ್ ಹಾಕಿಸಿದರೆ ಜಾಗವೂ ಸಿಗುತ್ತದೆ, ಸುಡುವ ರಬ್ಬರೂ ಹೋಗುತ್ತದೆ. ಗೇರ್‌ಬಾಕ್ಸಿನ ಶಿಫ್ಟ್ ಕೇಬಲ್ ಕೂಡ ಎಡಗಡೆಯೇ ಇದೆ. ಉದ್ದ ಹೆಡರಿನ ನಾಲ್ಕು ಕೊಳವೆ ಒಂದಾಗುವ ಕಲೆಕ್ಟರ್ ಅದರ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಎಲ್‌ಎಸ್‌ಗೆ ಪೆಟ್ರೋಲ್ ಸುಮಾರು 58 ಪಿಎಸ್‌ಐ ಒತ್ತಡದಲ್ಲಿ ಹರಿಯುತ್ತದೆ. ಕಾರ್ಬ್ಯುರೇಟರ್ ಕಾಲದ ರಬ್ಬರ್ ಪೈಪನ್ನು ಹೆಡರಿನ ಹತ್ತಿರ ಬಿಟ್ಟರೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಈಗ ಉದ್ದ-ಗಿಡ್ಡದ ಮಾತು. ಒಂದು ಸಿಲಿಂಡರಿನ ಹೊಗೆ ನುಗ್ಗಿ ಬಂದಾಗ ಒತ್ತಡದ ಅಲೆಯೊಂದು ಕೊಳವೆಯಲ್ಲಿ ಓಡುತ್ತದೆ. ಕಲೆಕ್ಟರ್ ಬಳಿ ಕೊಳವೆ ಒಮ್ಮೆಗೇ ಅಗಲವಾಗುವುದರಿಂದ ಅಲೆ ಕಡಿಮೆ ಒತ್ತಡದ್ದಾಗಿ ಹಿಂದಿರುಗುತ್ತದೆ. ವಾಲ್ವ್ ಮುಚ್ಚುವ ಹೊತ್ತಿಗೆ ಸರಿಯಾಗಿ ಅದು ಬಂದು ತಲುಪಿದರೆ, ಉಳಿದ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಕೊಳವೆಯ ಉದ್ದಕ್ಕೆ ಬೆಲೆ ಬರುವುದು ಇದರಿಂದ. ಗಿಡ್ಡ ಹೆಡರಿನಲ್ಲಿ ಅಲೆ ತೀರಾ ಬೇಗ ಮರಳುವುದರಿಂದ ಈ ಲಾಭ ಬಹುತೇಕ ಇಲ್ಲ. ಹಾಗಾಗಿ ಗಿಡ್ಡ ಹೆಡರ್ ಹಾಕಿದರೆ ಗಾಡಿ ಹಾರುತ್ತದೆ ಎಂಬ ಜಾಹೀರಾತನ್ನು ನಂಬಬೇಡಿ. ಕಾರ್ಖಾನೆಯಿಂದ ಹೆಡರಿನ ಜಾಗದಲ್ಲಿ ಬರುವ ಬೀಡುಕಬ್ಬಿಣದ ಮ್ಯಾನಿಫೋಲ್ಡಿಗೂ ಅದಕ್ಕೂ ಓಡಿಸುವಾಗ ತಿಳಿಯುವಷ್ಟು ವ್ಯತ್ಯಾಸ ಸಾಮಾನ್ಯವಾಗಿ ಇರುವುದಿಲ್ಲ. ಗಿಡ್ಡದರ ಲಾಭ ಜಾಗದ್ದು, ಶಕ್ತಿಯದಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಎಲ್‌ಎಂ7 ವರ್ಷಕ್ಕೆ ತಕ್ಕಂತೆ 270ರಿಂದ 295 ಅಶ್ವಶಕ್ತಿ ಕೊಡುವ ಎಂಜಿನ್. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಬದಲಿಸಿಲ್ಲ, ಆಫೀಸಿಗೆ ಹೋಗಿಬರುವ ಗಾಡಿ. ಎಂಜಿನ್ ಜೊತೆಗೇ ಬಂದ ಬೀಡಿನ ಮ್ಯಾನಿಫೋಲ್ಡ್ ಜಾಗಕ್ಕೆ ಹೊಂದಿದರೆ ಮೊದಲು ಅದನ್ನೇ ಹಾಕಿ ಓಡಿಸುತ್ತಿದ್ದೆ. ಸದ್ದು ಕಡಿಮೆ, ಶಾಖ ಹಿಡಿತದಲ್ಲಿರುತ್ತದೆ, ಖರ್ಚು ಸೊನ್ನೆ. ಹೊಂದದಿದ್ದರೆ, ಅಥವಾ ಮನಸ್ಸು ತಡೆಯದಿದ್ದರೆ, 1⅝ ಅಥವಾ 1¾ ಇಂಚಿನ ಕೊಳವೆಯ ಮಧ್ಯಮ ಉದ್ದದ ಹೆಡರ್. 1⅞ ಇಂಚಿನದು 6 ಲೀಟರ್ ಮೇಲ್ಪಟ್ಟ, ಕ್ಯಾಮ್ ಬದಲಿಸಿದ ಎಂಜಿನ್ನಿಗೆ. ನಿಮ್ಮದಕ್ಕೆ ಹಾಕಿದರೆ ಹೊಗೆಯ ವೇಗ ತಗ್ಗಿ, ಸಿಗ್ನಲ್ಲಿನಲ್ಲಿ ಎದ್ದು ಹೊರಡುವಾಗಿನ ಎಳೆತವೇ ಕಡಿಮೆಯಾಗುತ್ತದೆ. ಗಾಡಿಯನ್ನು ತಗ್ಗಿಸಿದ್ದರೆ ಉದ್ದ ಹೆಡರಿನ ಆಸೆ ಬಿಟ್ಟೇಬಿಡಿ. ಕಲೆಕ್ಟರ್ ರಸ್ತೆಯ ಪ್ರತಿ ಉಬ್ಬಿಗೂ ಉಜ್ಜುತ್ತದೆ.

ಕೊಳ್ಳುವಾಗ ಫ್ಲ್ಯಾಂಜ್, ಅಂದರೆ ಎಂಜಿನ್ನಿಗೆ ಬೋಲ್ಟ್ ಹಾಕುವ ಚಪ್ಪಟೆ ಪಟ್ಟಿ, ಎಷ್ಟು ದಪ್ಪ ನೋಡಿ. 3/8 ಇಂಚಿನದಿದ್ದರೆ ಶಾಖಕ್ಕೆ ಸೊಟ್ಟಗಾಗುವುದು ಕಡಿಮೆ. ಸಂದು ಮುಚ್ಚುವ ಪ್ಯಾಕಿಂಗ್ (ಗ್ಯಾಸ್ಕೆಟ್) ಕಾಗದದ್ದು ಬೇಡ. ಕಾರ್ಖಾನೆಯವರು ಬಳಸುವ ಹಲವು ಪದರದ ಉಕ್ಕಿನದು ತನ್ನಿ. ಆಕ್ಸಿಜನ್ ಸೆನ್ಸರ್ ಕೂರಿಸುವ ಬಾಯಿ ಎರಡೂ ಬದಿಯಲ್ಲಿ ಇದೆಯೇ, ಅದು ಅಡ್ಡಗೆರೆಗಿಂತ ಮೇಲಕ್ಕೆ ಮುಖ ಮಾಡಿದೆಯೇ ಎಂದೂ ನೋಡಿ. ಕೆಳಮುಖವಾಗಿದ್ದರೆ ಬೆಳಗಿನ ತೇವವೆಲ್ಲ ಸೆನ್ಸರಿಗೆ ಇಳಿದು ಅದು ಬೇಗ ಸಾಯುತ್ತದೆ. ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಸೋರಿದರೆ ಹೊರಗಿನ ಗಾಳಿ ಒಳಕ್ಕೆ ಸೇರಿ, ಕಂಪ್ಯೂಟರು ಪೆಟ್ರೋಲ್ ಸಾಲದೆಂದು ಭಾವಿಸಿ ಇನ್ನಷ್ಟು ಸುರಿಯುತ್ತದೆ. ಟ್ಯೂನಿಂಗ್ ಸರಿಯಿಲ್ಲ ಎಂದು ವಾರಗಟ್ಟಲೆ ಲ್ಯಾಪ್‌ಟಾಪ್ ಹಿಡಿದು ಕೂರುವವರು ಮೊದಲು ಪ್ಯಾಕಿಂಗ್ ನೋಡಬೇಕು.

ಪ್ರಶ್ನೆ: ನನ್ನದು 1978ರ ಸಿ10. ಇದೇ 5.3 ಎಂಜಿನ್ ಹಾಕುವ ಯೋಚನೆ. ಉದ್ದ ಹೆಡರ್ ಹಾಕಿದರೆ ಸ್ಮಾಗ್ ತಪಾಸಣೆಯಲ್ಲಿ (ಹೊಗೆ ಮಾಲಿನ್ಯದ ಪರೀಕ್ಷೆ) ತೊಂದರೆಯೇ?
– ಓದುಗರೊಬ್ಬರು, ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ

ಉತ್ತರ: ತೊಂದರೆಯೇ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ತಪಾಸಣೆ ಇಲ್ಲ. ನಿಮ್ಮದು ಆ ಗೆರೆಯ ಈಚೆಗೆ ಬಿತ್ತು. ಎಂಜಿನ್ ಬದಲಿಸಿದ ಗಾಡಿಯನ್ನು ರೆಫರಿ ಕೇಂದ್ರಕ್ಕೆ, ಅಂದರೆ ಇಂಥ ಗಾಡಿಗಳನ್ನು ವಿಶೇಷವಾಗಿ ಪರೀಕ್ಷಿಸುವ ಜಾಗಕ್ಕೆ, ಒಯ್ಯಬೇಕು. ಹಾಕುವ ಎಂಜಿನ್ ಗಾಡಿಯಷ್ಟೇ ಹಳೆಯದು ಅಥವಾ ಅದಕ್ಕಿಂತ ಹೊಸದಾಗಿರಬೇಕು, ಆ ಎಂಜಿನ್ ತನ್ನ ಮೂಲ ಗಾಡಿಯಲ್ಲಿ ಹೊತ್ತಿದ್ದ, ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್, ಸೆನ್ಸರು, ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ ಎಲ್ಲವೂ ಜೊತೆಗೆ ಬರಬೇಕು. ಭಾರಿ ವರ್ಗದ ಟ್ರಕ್ಕಿನಿಂದ 6.0 ಲೀಟರ್ ತಂದು ಹಗುರ ಟ್ರಕ್ಕಿಗೆ ಹಾಕಿದರೂ ಒಪ್ಪುವುದಿಲ್ಲ. ಹೆಡರಿಗೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು. ಉದ್ದ ಹೆಡರ್ ಕನ್ವರ್ಟರನ್ನು ಹಿಂದಕ್ಕೆ ತಳ್ಳುವುದರಿಂದ ಅಂಥ ಸಂಖ್ಯೆ ಸಿಗುವುದು ಬಹುಪಾಲು ಗಿಡ್ಡದಕ್ಕೇ. ಸಿಲ್ವರಾಡೋದ ಮೂಲ ಮ್ಯಾನಿಫೋಲ್ಡ್, ಮೂಲ ಕನ್ವರ್ಟರ್ ಎರಡನ್ನೂ ಜೊತೆಗೇ ಇಳಿಸಿಕೊಳ್ಳುವುದು ಸುಲಭದ ದಾರಿ. ರೆಫರಿ ಒಪ್ಪಿ ಲೇಬಲ್ ಅಂಟಿಸಿದ ಮೇಲೆ ಮುಂದಿನ ತಪಾಸಣೆಗಳು ಮಾಮೂಲಿ ಕೇಂದ್ರದಲ್ಲೇ ನಡೆಯುತ್ತವೆ.

ಪ್ರಶ್ನೆ: ಗುಜರಿಯಿಂದ ತಂದ 5.3 ಎಂಜಿನ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಎನ್ನುತ್ತದೆ, ಬಿಸಿಯಾದ ಮೇಲೆ ಸದ್ದು ನಿಲ್ಲುತ್ತದೆ. ಹೆಡರ್ ಹಾಕಿದರೆ ಹೋಗುತ್ತದೆಯೇ? ಸ್ಟೇನ್‌ಲೆಸ್ ಒಳ್ಳೆಯದೋ, ಸಾಧಾರಣ ಉಕ್ಕೋ?
– ಓದುಗರೊಬ್ಬರು, ಆಸ್ಟಿನ್, ಟೆಕ್ಸಸ್

ಉತ್ತರ: ಮ್ಯಾನಿಫೋಲ್ಡಿನ ತುದಿಯ ಬೋಲ್ಟುಗಳನ್ನು, ಅದರಲ್ಲೂ ಹಿಂದಿನವನ್ನು, ಮೊದಲು ನೋಡಿ. ಈ ಎಂಜಿನ್ನುಗಳಲ್ಲಿ ಅವು ಮುರಿಯುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು, ಮ್ಯಾನಿಫೋಲ್ಡ್ ಬೀಡಿನದು; ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹೆಚ್ಚು ಹಿಗ್ಗುತ್ತದೆ. ವರ್ಷಗಟ್ಟಲೆ ಈ ಜಗ್ಗಾಟದಲ್ಲಿ ಬೋಲ್ಟಿನ ತಲೆ ಹಾರಿಹೋಗುತ್ತದೆ. ತಣ್ಣಗಿದ್ದಾಗ ಸಂದಿನಿಂದ ಸೋರುತ್ತದೆ, ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲಿದ್ದರೆ ಈಗಲೇ ತೆಗೆಸಿ: ಮುರಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿದರೆ ಆ ಬಿಸಿಗೇ ತುಕ್ಕು ಸಡಿಲಾಗಿ ಸಾಮಾನ್ಯವಾಗಿ ತಿರುಗಿ ಬರುತ್ತದೆ. ಗಾಡಿಯೊಳಗೆ ಕೂತ ಮೇಲೆ ಫೈರ್‌ವಾಲ್ ಪಕ್ಕದಲ್ಲಿ ಕೈ ಹೋಗುವುದೇ ಕಷ್ಟ.

ಲೋಹದ ವಿಷಯ: 304 ದರ್ಜೆಯ ಸ್ಟೇನ್‌ಲೆಸ್ ತುಕ್ಕು ಹಿಡಿಯುವುದು ಕಡಿಮೆ, ಆದರೆ ಸಾಧಾರಣ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ತೆಳುವಾದ ತಗಡಿನದಾದರೆ ವೆಲ್ಡಿನ ಬುಡದಲ್ಲಿ ಬಿರುಕು ಕಾಣಬಹುದು. 16 ಗೇಜಿನದು, ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪದ್ದು, ತನ್ನಿ. ಹಣ ಅಷ್ಟಿಲ್ಲದಿದ್ದರೆ ಸೆರಾಮಿಕ್ ಲೇಪದ ಸಾಧಾರಣ ಉಕ್ಕು ಸಾಕು. ಬಾನೆಟ್ಟಿನೊಳಗಿನ ಬಿಸಿಯೂ ತಗ್ಗುತ್ತದೆ. ಬರೀ ಬಣ್ಣ ಬಳಿದದ್ದು ಕೆಲವೇ ದಿನದಲ್ಲಿ ಸುಟ್ಟುಹೋಗುತ್ತದೆ. ಕೊಳವೆಗೆ ಶಾಖ ತಡೆಯುವ ಬಟ್ಟೆಪಟ್ಟಿ ಸುತ್ತುವುದು ನನಗೆ ಇಷ್ಟವಿಲ್ಲ. ಅದು ತೇವ ಹಿಡಿದಿಟ್ಟುಕೊಂಡು ಸಾಧಾರಣ ಉಕ್ಕನ್ನು ಒಳಗೊಳಗೇ ತಿನ್ನುತ್ತದೆ. ಹೊಸ ಹೆಡರಿನ ಬೋಲ್ಟುಗಳನ್ನು ನಡುವಿನಿಂದ ತುದಿಯ ಕಡೆಗೆ, ಮೊದಲ ಸುತ್ತು 11, ಎರಡನೆಯ ಸುತ್ತು 18 ಪೌಂಡ್-ಅಡಿಗೆ ಬಿಗಿ ಮಾಡಿ. ಎರಡು ಮೂರು ಸಲ ಎಂಜಿನ್ ಪೂರ್ತಿ ಬಿಸಿಯಾಗಿ ತಣಿದ ಮೇಲೆ, ತಣ್ಣಗಿರುವಾಗಲೇ, ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.