ಮನೆ ಅಂಗಡಿಯಾದರೆ ಮೇಲಿನ ಸ್ಲ್ಯಾಬ್ ಸ್ಟಾಕ್ ಹೊರುತ್ತದೆಯೇ?

ಪ್ರಶ್ನೆ: ನಮ್ಮದು 1998ರಲ್ಲಿ ಕಟ್ಟಿದ ಎರಡಂತಸ್ತಿನ ಮನೆ. 9 ಇಂಚಿನ ಇಟ್ಟಿಗೆ ಗೋಡೆ, ಪಿಲ್ಲರ್ ಇಲ್ಲ. ಕೆಳಗೆ ಸ್ಟೇಷನರಿ ಅಂಗಡಿ ಮಾಡಿ, ಮೇಲೆ ಸ್ಟಾಕ್ ಇಡಬೇಕೆಂದಿದ್ದೇವೆ. ಮುಂದಿನ ಗೋಡೆ ಒಡೆದು 10 ಅಡಿ ಶಟರ್ ಹಾಕಬಹುದೇ?
– ಓದುಗರು, ದಾವಣಗೆರೆ

ಉತ್ತರ: ಶಟರ್‌ಗಿಂತ ದೊಡ್ಡ ತಲೆನೋವು ಮೇಲಿನ ಸ್ಟಾಕ್. ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875 (ಭಾಗ 2) ಪ್ರಕಾರ ವಾಸದ ಕೋಣೆಗೆ ಹಿಡಿಯುವ ಚರಭಾರ (ಜನ, ಸಾಮಾನುಗಳ ಭಾರ) ಚದರ ಮೀಟರ್‌ಗೆ ಸುಮಾರು 200 ಕೆಜಿ. ಚಿಲ್ಲರೆ ಅಂಗಡಿಗೆ 400. ಎ4 ಪೇಪರ್ ಬಂಡಲ್ ಒಂದಕ್ಕೆ 2.3 ಕೆಜಿ. ಒತ್ತೊತ್ತಾಗಿ ಒಂದು ಮೀಟರ್ ಎತ್ತರ ಪೇರಿಸಿದರೆ ಚದರ ಮೀಟರ್‌ಗೆ 700 ಕೆಜಿ ದಾಟುತ್ತದೆ. ಹಾಗಾಗಿ ಸ್ಟಾಕ್ ಕೆಳಗಿರಲಿ, ಅಲ್ಲಿ ಭಾರವನ್ನು ನೆಲವೇ ಹೊರುತ್ತದೆ. ಲೆಕ್ಕಪತ್ರದ ಟೇಬಲ್ ಮಹಡಿಗೆ ಹೋಗಲಿ. ಅರ್ಧ ಖರ್ಚು ಇಲ್ಲೇ ಉಳಿಯುತ್ತದೆ.

ಮೇಲೆಯೇ ಇಡಬೇಕೆಂದರೆ ಮೊದಲು ಸ್ಲ್ಯಾಬ್‌ನ ದಪ್ಪ, ಕಂಬಿಯ ಗಾತ್ರ, ಅಂತರ ಗೊತ್ತಾಗಬೇಕು. ಕವರ್ ಮೀಟರ್ (ಒಳಗಿನ ಕಂಬಿ ಪತ್ತೆ ಮಾಡುವ ಸಾಧನ) ಹಿಡಿದು ನೋಡಿ, ಒಂದೆರಡು ಕಡೆ ಗಿಲಾವು ಕಿತ್ತು, ಕಂಬಿ ಕಾಣುವಷ್ಟು ಕಾಂಕ್ರೀಟ್ ಒಡೆದು ಖಾತ್ರಿ ಮಾಡಿಕೊಳ್ಳಬೇಕು. ಒಡೆದ ಹೊಸ ಮೈಗೆ ಫಿನಾಲ್ಫ್ಥಲೀನ್ (ಕಾಂಕ್ರೀಟ್‌ನಲ್ಲಿ ಕ್ಷಾರ ಉಳಿದಿದ್ದರೆ ಗುಲಾಬಿಯಾಗುವ ದ್ರಾವಣ) ಸಿಂಪಡಿಸಿ: ಗುಲಾಬಿಯಾಗದ ಪದರ ಕಂಬಿ ಮುಟ್ಟಿದ್ದರೆ ತುಕ್ಕಿನ ತಡೆ ಹೋಗಿದೆ ಎಂದರ್ಥ. ಬರೀ ರಿಬೌಂಡ್ ಹ್ಯಾಮರ್ (ಮೇಲ್ಮೈಗೆ ಬಡಿದು ಗಟ್ಟಿತನ ಅಳೆಯುವ ಸಾಧನ) ರಿಪೋರ್ಟ್ ನಂಬಬೇಡಿ. ಹಳೆಯ ಕಾಂಕ್ರೀಟ್‌ನ ಮೇಲ್ಮೈ ಕಾರ್ಬನೇಷನ್‌ನಿಂದ (ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರುವುದರಿಂದ) ಗಟ್ಟಿಯಾಗಿ ರೀಡಿಂಗ್ ಹೆಚ್ಚೇ ಬರುತ್ತದೆ. ಕಾಂಕ್ರೀಟ್‌ನ ತುಂಡು (ಕೋರ್) ಕೊರೆದು ತೆಗೆಸಿ, ಪರೀಕ್ಷಿಸಿಯೇ ನೋಡಬೇಕು.

ಲೆಕ್ಕದಲ್ಲಿ ಸ್ಲ್ಯಾಬ್ ಸಾಲದಿದ್ದರೆ ಅದರ ಕೆಳಗೆ ಸ್ಟೀಲ್ ಐ-ಬೀಮ್ ಕೊಡುವುದು ಸಾಮಾನ್ಯ. ಕೆಲಸ ಕೆಡುವುದು ಎರಡು ಕಡೆ. ಬೀಮ್‌ಗೂ ಸ್ಲ್ಯಾಬಿಗೂ ನಡುವಿನ ಸಂದಿಗೆ ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಮಿಶ್ರಣ) ತುಂಬದಿದ್ದರೆ, ಸ್ಲ್ಯಾಬ್ ಬಾಗಿ ಕೂರುವವರೆಗೆ ಬೀಮ್ ಭಾರವನ್ನೇ ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ಹಳೇ ಸ್ಲ್ಯಾಬಿನ ನಡುವೆ ಮೇಲ್ಗಡೆ ಕಂಬಿ ಇರುವುದಿಲ್ಲ. ಬೀಮ್ ಬಂದ ಮೇಲೆ ಅಲ್ಲಿ ಸ್ಲ್ಯಾಬಿನ ಮೇಲ್ಭಾಗ ಎಳೆತಕ್ಕೆ ಸಿಕ್ಕು, ಬೀಮ್‌ನ ನೇರಕ್ಕೆ ಮಹಡಿಯ ನೆಲದಲ್ಲಿ ಬಿರುಕು ಬೀಳುತ್ತದೆ. ವಿನ್ಯಾಸದಲ್ಲೇ ಅದನ್ನು ಲೆಕ್ಕಕ್ಕೆ ಹಿಡಿದಿರಬೇಕು. ಬೀಮ್‌ನ ತುದಿ ನೇರ ಇಟ್ಟಿಗೆ ಮೇಲೆ ಕೂರಬಾರದು, ಕೆಳಗೆ ಕಾಂಕ್ರೀಟ್ ಬೆಡ್ ಬ್ಲಾಕ್ ಬೇಕು. ಭಾರ ಕೊನೆಗೆ ಇಳಿಯುವ ಗೋಡೆ, ಪಾಯಗಳನ್ನೂ ಎಂಜಿನಿಯರ್ ಪರಿಶೀಲಿಸಲಿ.

ಇನ್ನು ಶಟರ್. ನಿಮ್ಮ ಮುಂದಿನ ಗೋಡೆ ಮೇಲಿನ ಗೋಡೆಯನ್ನೂ ಸ್ಲ್ಯಾಬನ್ನೂ ಹೊತ್ತಿದೆ, ಸುಮ್ಮನೆ ಒಡೆಯುವಂತಿಲ್ಲ. ಸುಮಾರು 3 ಅಡಿಗೊಂದರಂತೆ ಗೋಡೆಗೆ ತೂತು ಹೊಡೆದು ಅಡ್ಡ ಉಕ್ಕಿನ ತೊಲೆ ತೂರಿಸಿ, ಎರಡೂ ಬದಿ ಜಾಕ್ ಕೊಡಬೇಕು. ಸ್ಲ್ಯಾಬಿಗೂ ಬೇರೆ ಆಸರೆ ಬೇಕು. ಆಮೇಲೆ ಒಡೆದು, ಜೋಡಿ ಬೀಮ್ ಕೂರಿಸಿ, ಸಂದಿಗೆ ಗ್ರೌಟ್ ಬಿಗಿಯಾಗಿ ತುಂಬಬೇಕು. ಗ್ರೌಟ್ ಬಲ ಬರುವ ಮೊದಲೇ ಜಾಕ್ ಬಿಚ್ಚಿದರೆ ಮೇಲಿನ ಕಿಟಕಿ ಮೂಲೆಗಳಿಂದ ಓರೆ ಬಿರುಕು ಶುರುವಾಗುತ್ತದೆ. ತೆರಪಿನ ಎರಡೂ ಬದಿ ಕನಿಷ್ಠ 2 ಅಡಿ ಗೋಡೆಯಾದರೂ ಉಳಿಯಲಿ.