ಕಲ್ಪನಾ ಅವರ ಗುಂಗು ಇರಲಿ, ಗೋಟೂರಿನ ಆಸೆ ಬಿಡಿ

ನೀವು ಹುಟ್ಟುವ ಮೊದಲೇ ತೀರಿಕೊಂಡ ನಟಿ ಕಲ್ಪನಾ ಅವರ ಗುಂಗು ಚಿಕ್ಕಂದಿನಿಂದ ಬಿಟ್ಟಿಲ್ಲ, ಮನೆಯಲ್ಲಿ ಎಲ್ಲರೂ ನಗುತ್ತಾರೆ, ಒಮ್ಮೆ ಗೋಟೂರಿಗೆ ಹೋಗಿ ಅವರು ಕೊನೆಯುಸಿರೆಳೆದ ಜಾಗ ನೋಡಿ ಬಂದರೆ ಈ ಗೀಳು ಇಳಿಯಬಹುದೇ ಎಂದು ಕೇಳಿದ್ದೀರಿ. ಇಳಿಯುವುದಿಲ್ಲ. ನಾನು ಹೋಗಿ ಬಂದವಳು.

ನನಗೆ ಇದು ಅಂಟಿದ್ದು ದೂರದರ್ಶನದ ಭಾನುವಾರದ ಸಿನಿಮಾದಿಂದ. ‘ಬೆಳ್ಳಿಮೋಡ’ ಹಾಕಿದ್ದರು. 1967ರ ಚಿತ್ರ, ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯದು. ಕಲ್ಪನಾ ಮಾಡಿದ ಇಂದಿರಾಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳ ಪಾಲಿಗಿಲ್ಲ ಎಂದು ತಿಳಿದ ಕೂಡಲೇ ಮದುವೆಯಾಗಬೇಕಿದ್ದ ಮೋಹನನ ಪ್ರೀತಿ ಆರಿಹೋಗುತ್ತದೆ. ಮುಂದೆ ಅವನು ಹಾಸಿಗೆ ಹಿಡಿದಾಗ ಅವಳೇ ಆರೈಕೆ ಮಾಡುತ್ತಾಳೆ, ಗುಣವಾದ ಮೇಲೆ ಅವನು ಮತ್ತೆ ಕೈ ಚಾಚಿದರೆ ಬೇಡ ಎನ್ನುತ್ತಾಳೆ. ಅಷ್ಟು ಹೊತ್ತು ಸುಮ್ಮನೆ ಹೂವು ಕಟ್ಟುತ್ತಿದ್ದ ನಮ್ಮಮ್ಮ “ಸರಿಯಾಗಿ ಮಾಡಿದಳು” ಎಂದು ಜೋರಾಗಿ ಹೇಳಿಬಿಟ್ಟರು. ಅಪ್ಪ ಪತ್ರಿಕೆಯಿಂದ ತಲೆಯೆತ್ತಿ ನೋಡಿದರು. ನಮ್ಮ ಮನೆಯಲ್ಲಿ ಅಂಥ ಮಾತು ಅಷ್ಟು ಗಟ್ಟಿಯಾಗಿ ಕೇಳಿಬಂದದ್ದು ಕಡಿಮೆ.

ಅಲ್ಲಿಂದ ಶುರು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ‘ವಿಜಯಚಿತ್ರ’ ಸಿನಿಮಾ ಪತ್ರಿಕೆಯ ಸಂಚಿಕೆಗಳನ್ನು ಹುಡುಕಿದೆ. ತ್ರಿವೇಣಿಯವರನ್ನು ಓದಿದೆ. ಕಲ್ಪನಾ ಅವರ ಇಂದಿರಾ, ‘ಹಣ್ಣೆಲೆ ಚಿಗುರಿದಾಗ’ದ ವಿಧವೆ ಮಾಲತಿ, ‘ಶರಪಂಜರ’ದ ಕಾವೇರಿ, ಮೂವರೂ ಹುಟ್ಟಿದ್ದು ತ್ರಿವೇಣಿಯವರ ಕಾದಂಬರಿಗಳಲ್ಲಿ. ಆದರೆ ತ್ರಿವೇಣಿ ಇದ್ಯಾವುದನ್ನೂ ನೋಡಲಿಲ್ಲ. ಅವರು ತೀರಿಕೊಂಡದ್ದು 1963ರಲ್ಲಿ, ಕಲ್ಪನಾ ‘ಸಾಕು ಮಗಳು’ ಚಿತ್ರದಿಂದ ತೆರೆಗೆ ಬಂದ ವರ್ಷ. ತ್ರಿವೇಣಿಯವರಿಗೆ ಆಗ ಇನ್ನೂ 35 ತುಂಬಿರಲಿಲ್ಲ. 1943ರಲ್ಲಿ ಹುಟ್ಟಿ 1979ರ ಮೇ ತಿಂಗಳಲ್ಲಿ ಹೋದ ಕಲ್ಪನಾ ಅವರಿಗೆ 36 ತುಂಬಲಿಲ್ಲ. ಇಂಥ ಲೆಕ್ಕಗಳನ್ನು ಮಾಡುತ್ತ ಕೂರುವುದು ನನಗೆ ರೂಢಿಯಾಯಿತು, ನಿಮಗೂ ಆಗಿರಬೇಕು.

ಬ್ಯಾಂಕಿನ ಕೆಲಸ ಸಿಕ್ಕಿ, ವರ್ಗವಾಗಿ ನಾನು ಬೆಳಗಾವಿ ಜಿಲ್ಲೆಗೆ ಹೋದೆ. ಸಂಕೇಶ್ವರ ಹತ್ತಿರವೇ, ಅಲ್ಲಿಂದ ಗೋಟೂರು ಇನ್ನೂ ಹತ್ತಿರ. ಸಹೋದ್ಯೋಗಿಗಳು ಈ ವರ್ಗವನ್ನು ಶಿಕ್ಷೆ ಎಂದುಕೊಂಡರು, ನಾನು ವರ ಎಂದುಕೊಂಡೆ. ಹೋದ ಮೊದಲ ರಜೆಯಲ್ಲೇ ಗೋಟೂರಿಗೆ ಹೋಗಿ ಬಂದೆ. ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಹೆದ್ದಾರಿ, ಲಾರಿಗಳು, ಬಿಸಿಲು. ಕಲ್ಪನಾ ಅವರ ಬಗ್ಗೆ ನನಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿಯೂ ಅಲ್ಲಿ ಸಿಗಲಿಲ್ಲ.

ನನಗೆ ನಷ್ಟವಾದದ್ದು ಆಮೇಲೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಧಾಟಿ ನೋಡಿದರೆ ನೀವೂ ಅದೇ ದಾರಿಯಲ್ಲಿದ್ದೀರಿ.

ಕೊನೆಯ ದಿನಗಳಲ್ಲಿ ಕಲ್ಪನಾ ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಯಲ್ಲಿದ್ದರು, ಕಂಪನಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಹಾಗೆ ಅವರು ಪಾತ್ರ ಮಾಡಿದ್ದ ಕಡೆ ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದ ಮಾಸ್ತರರೊಬ್ಬರು ನಮ್ಮ ಶಾಖೆಯ ಜವಾನರ ಊರಿನಲ್ಲೇ ಇದ್ದಾರೆಂದು ಗೊತ್ತಾಯಿತು. ವಯಸ್ಸಾಗಿತ್ತು, ಮಗನ ಮನೆಯಲ್ಲಿದ್ದರು. ಭಾನುವಾರ ಬಾಳೆಹಣ್ಣು, ಊದುಬತ್ತಿ ಹಿಡಿದು ಹೋದೆ. ತುಂಬ ಪ್ರೀತಿಯಿಂದ ಬರಮಾಡಿಕೊಂಡರು. ಸೊಸೆ ಚಹಾ, ಚುರುಮುರಿ ತಂದಿಟ್ಟರು. ಮಾಸ್ತರರು ಮೊದಲು ತಮ್ಮ ಕಥೆ ಹೇಳಿದರು: ಕ್ಯಾಂಪು, ಮಳೆಗೆ ಸೋರುವ ಥಿಯೇಟರು, ಸಂಬಳ ಬಾಕಿ. ನನಗೆ ಅಸಹನೆ. ಕೊನೆಗೂ ಅವರು ದಾರಿಗೆ ಬಂದು, “ಕಲ್ಪನಾಬಾಯಿಯವರು ತಾಲೀಮಿಗೆ ಬಂದರೆಂದರೆ ಮೊದಲು ನನ್ನ ಪೇಟಿಯ ಹತ್ತಿರ…” ಎಂದು ಶುರುಮಾಡಿದರು.

ನಾನು ನಡುವೆ ಬಾಯಿ ಹಾಕಿದೆ. “ಅದಿರಲಿ ಅಜ್ಜಾ, ಆ ರಾತ್ರಿ ಏನಾಯಿತು?”

ಅವರು ಲೋಟ ಕೆಳಗಿಟ್ಟರು. “ನೀವೂ ಅದನ್ನೇ ಕೇಳಲು ಬಂದವರಾ ತಾಯಿ” ಎಂದರು. ಬೈಯಲಿಲ್ಲ. ಆಮೇಲೆ ಮಳೆಬೆಳೆಯ ಮಾತಾಡಿದರು, ನನ್ನ ಊರು ಯಾವುದೆಂದು ಕೇಳಿದರು, ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಮುಂದಿನ ಸಲ ಹೋದಾಗ ಮಲಗಿದ್ದಾರೆ ಎಂದರು ಮಗ. ಅದರ ಮುಂದಿನ ಸಲ ಹೋಗುವಷ್ಟರಲ್ಲಿ ಮಾಸ್ತರರು ಇರಲಿಲ್ಲ.

ಪೇಟಿಯ ಹತ್ತಿರ ಬಂದು ಏನು ಮಾಡುತ್ತಿದ್ದರು? ಶ್ರುತಿ ಕೇಳುತ್ತಿದ್ದರೇ? ನಮಸ್ಕಾರ ಮಾಡುತ್ತಿದ್ದರೇ? ಸುಮ್ಮನೆ ಕುಳಿತು ಹರಟೆ ಹೊಡೆಯುತ್ತಿದ್ದರೇ? ಆ ಅರ್ಧ ವಾಕ್ಯ ನನ್ನ ಬಳಿ ಹಾಗೆಯೇ ಉಳಿದಿದೆ. ಸ್ವಲ್ಪ ಹೊತ್ತು ತಾಳ್ಮೆಯಿಂದ ಕೂತಿದ್ದರೆ ಉಳಿದರ್ಧ ಸಿಗುತ್ತಿತ್ತು. ಅದರ ಹಿಂದೆ ಇನ್ನೆಷ್ಟೋ ಬರುತ್ತಿತ್ತು. ತೆರೆಯ ಮೇಲೆ ರೆಪ್ಪೆ ಅಲುಗಿಸಿದರೆ ಸಾಕಾಗುತ್ತಿದ್ದ ನಟಿ, ಕೊನೆಯ ಸಾಲಿನ ಬೆಂಚಿನವನಿಗೆ ತಲುಪಲು ಏನು ಮಾಡುತ್ತಿದ್ದರು? ಕರಾವಳಿಯಲ್ಲಿ ಹುಟ್ಟಿದವರು ಆ ಸೀಮೆಯ ಮಾತನ್ನು ನಾಲಿಗೆಗೆ ಹೇಗೆ ಒಗ್ಗಿಸಿಕೊಂಡರು? ಸಿನಿಮಾದಲ್ಲಿ ಒಂದು ಶಾಟ್ ತಪ್ಪಿದರೆ ಇನ್ನೊಮ್ಮೆ ತೆಗೆಯುತ್ತಾರೆ, ರಂಗದ ಮೇಲೆ ಮಾತು ಮರೆತ ರಾತ್ರಿ ಯಾರು ದಡ ಸೇರಿಸುತ್ತಿದ್ದರು? ಸಿನಿಮಾಗಳು ಉಳಿದಿವೆ, ಬೇಕಾದಾಗ ನೋಡಬಹುದು. ರಂಗದ ಮೇಲಿನ ಕಲ್ಪನಾ ಉಳಿದದ್ದು ಜೊತೆಯಲ್ಲಿದ್ದವರ ಮತ್ತು ನೋಡಿದವರ ನೆನಪಿನಲ್ಲಿ ಮಾತ್ರ. ಅಂಥವರ ಮನೆಗೆ ಹೋದ ನನ್ನಂಥವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಸಾವಿನದು. ನಾವೇ, ಅಭಿಮಾನಿಗಳೇ, ಅವರ ಕೊನೆಯ ಕಾಲದ ಕೆಲಸವನ್ನು ಅಳಿಸಿ ಹಾಕಿದೆವು. ಅವರ ಸಾವಿನ ಬಗ್ಗೆ ಗಾಳಿಮಾತು ಹಬ್ಬಿಸಿದವರ ಮೇಲೆ ನನಗೆ ಇದ್ದ ಕೋಪ ಅಂದಿನಿಂದ ಕಡಿಮೆಯಾಗಿದೆ, ಅವರಿಗೂ ನನಗೂ ವ್ಯತ್ಯಾಸ ಅಷ್ಟೇನಿರಲಿಲ್ಲ.

ಹಾಗಾಗಿ ಗೀಳು ಬಿಡುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ರಿಕೆಟ್ಟಿನ ಐವತ್ತು ವರ್ಷದ ಅಂಕಿ ಅಂಶ ಬಾಯಲ್ಲಿ ಹೇಳುವ ನಿಮ್ಮ ಮಾವನನ್ನು ಯಾರೂ ವೈದ್ಯರ ಹತ್ತಿರ ಕಳಿಸುವುದಿಲ್ಲ. ನಿಮ್ಮ ಗೀಳು ಹೆಚ್ಚಾಗಿಲ್ಲ, ಅದು ತಪ್ಪು ಜಾಗದಲ್ಲಿ ನೆಟ್ಟಿದೆ. ‘ಶರಪಂಜರ’ದ ಕೊನೆಯನ್ನೂ ನಟಿಯ ಕೊನೆಯನ್ನೂ ಹೊಲಿದು ಒಂದೇ ಬಟ್ಟೆ ಮಾಡುವ ಚಟ ನಮ್ಮಲ್ಲಿ ಬಹಳ ಜನರಿಗಿದೆ. ದುರಂತ ಪಾತ್ರಗಳೇ ಅವರನ್ನು ತಿಂದವು ಎನ್ನುತ್ತಾರೆ. ಹೀಗೆ ಹೇಳುವವರು ಅವರ ಲವಲವಿಕೆಯ ಚಿತ್ರ ‘ನಾ ಮೆಚ್ಚಿದ ಹುಡುಗ’ ನೋಡಿಯೇ ಇಲ್ಲವೇ? ಕಾವೇರಿ ಬಾಣಂತಿಯಾಗಿದ್ದಾಗ ಮನಸ್ಸಿನ ಆರೋಗ್ಯ ಕೆಟ್ಟು ಆಸ್ಪತ್ರೆ ಸೇರಿದವಳು, ಗುಣವಾಗಿಯೇ ಮನೆಗೆ ಬಂದವಳು. ಅವಳನ್ನು ಮತ್ತೆ ಅಲ್ಲಿಗೆ ಅಟ್ಟಿದ್ದು ಗಂಡನ ನಡತೆ, ಊರಿನ ನೋಟ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು ಇದನ್ನು ತಿಳಿದೇ ಬರೆದರು, ಕಲ್ಪನಾ ತಿಳಿದೇ ಅಭಿನಯಿಸಿದರು. ಅದು ಕಸುಬು. ಅದನ್ನು ಜಾತಕದಂತೆ ಓದುವುದು ಇಬ್ಬರಿಗೂ ಮಾಡುವ ಅವಮಾನ.

ಇನ್ನೊಂದು ಮಾತು, ಜಗಳಕ್ಕೆ ಬರುವವರು ಬರಲಿ. ಕಲ್ಪನಾ ಅವರ ಅತ್ಯುತ್ತಮ ಅಭಿನಯ ‘ಶರಪಂಜರ’ದ ಆ ಪ್ರಸಿದ್ಧ ಕೊನೆಯ ದೃಶ್ಯದಲ್ಲಿಲ್ಲ. ಅಲ್ಲಿ ಅವರೂ ಪುಟ್ಟಣ್ಣನವರೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 1974ರ ‘ಎರಡು ಕನಸು’ ನೋಡಿ. ಕೈಹಿಡಿದ ಗಂಡನ ಮನಸ್ಸು ಹಳೆಯ ಪ್ರೀತಿಯಲ್ಲೇ ನಿಂತಿದೆ, ಇವಳು ಹೆಂಡತಿಯಾಗಿಯೂ ಆಗದೆ ಅದೇ ಮನೆಯಲ್ಲಿದ್ದಾಳೆ. ‘ಪೂಜಿಸಲೆಂದೇ ಹೂಗಳ ತಂದೆ’ ಹಾಡಿನಲ್ಲಿ ಕಿರುಚಾಟವಿಲ್ಲ, ಕೈ ಬೀಸುವುದಿಲ್ಲ. ಎಸ್. ಜಾನಕಿಯವರ ದನಿ ಬೇಡುತ್ತಿದೆ, ಕಲ್ಪನಾ ಅವರ ಮುಖ ಬೇಡುವುದಕ್ಕೂ ಸಂಕೋಚಪಡುತ್ತಿದೆ. ದನಿ ಒಬ್ಬರದು, ಸಂಕೋಚ ಇನ್ನೊಬ್ಬರದು. ಎರಡನ್ನೂ ಒಂದೇ ಹೆಣ್ಣಿನದೆಂದು ನಾವು ನಂಬುತ್ತೇವೆ. ಧ್ವನಿ ನಿಲ್ಲಿಸಿ ಆ ಹಾಡನ್ನು ಒಮ್ಮೆ ನೋಡಿದರೆ ನಾನು ಹೇಳುವುದು ಅರ್ಥವಾಗುತ್ತದೆ.

ಗೋಟೂರಿಗೆಂದು ಬಸ್ ಟಿಕೆಟ್ ಆಗಲೇ ತೆಗೆಸಿದ್ದರೆ ರದ್ದು ಮಾಡಬೇಡಿ, ಹುಬ್ಬಳ್ಳಿಯಲ್ಲಿ ಇಳಿಯಿರಿ. ಹುಬ್ಬಳ್ಳಿ, ಗದಗ, ಬಾಗಲಕೋಟೆಯ ಕಡೆ ವೃತ್ತಿ ನಾಟಕದ ಹಳೆಯ ಕಲಾವಿದರು ಇನ್ನೂ ಇದ್ದಾರೆ. ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತೈದು ದಾಟಿದೆ, ತಡಮಾಡಿದರೆ ಆಗುವುದಿಲ್ಲ. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಲು ಮೊದಲೇ ಅನುಮತಿ ಕೇಳಿ. ಅವರು ತಮ್ಮ ಸಂಬಳದ ಬಾಕಿ, ಸೋರುವ ಥಿಯೇಟರಿನ ಕಥೆ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಯಾವ ನಾಟಕ, ಕಲ್ಪನಾ ಅವರ ಪ್ರವೇಶ ಯಾವ ಅಂಕದಲ್ಲಿ, ಆಗ ಜನ ಶಿಳ್ಳೆ ಹೊಡೆದರೆ ಅವರು ಮಾತು ನಿಲ್ಲಿಸಿ ಕಾಯುತ್ತಿದ್ದರೋ ಮುಂದುವರಿಸುತ್ತಿದ್ದರೋ ಎಂದು ಕೇಳಿ. ಮೇ ತಿಂಗಳ ಆ ರಾತ್ರಿಯ ಸುದ್ದಿಯನ್ನು ನೀವಾಗಿ ಎತ್ತಬೇಡಿ. ಪೇಟಿಯ ವಿಷಯ ಯಾರಾದರೂ ಹೇಳಿದರೆ ದಯವಿಟ್ಟು ನನಗೂ ತಿಳಿಸಿ.