ಸಂಪಾದಕರ ಉತ್ತರ: ಸೆರಗಿನ ತೆನಿ ಎಲ್ಲಿ ಹೋಯಿತು?

ಗದಗಿನಲ್ಲಿ ಸೀರೆ ಅಂಗಡಿ ನಡೆಸುವ ಓದುಗರೊಬ್ಬರ ಪತ್ರದ ಸಾರ ಇದು: "ಫ್ಯಾಷನ್ ಫೋಟೋಗ್ರಾಫರ್‌ಗಳ ಕೆಲಸವನ್ನು ಎಐ ಕಿತ್ತುಕೊಳ್ಳುತ್ತಿದೆ ಅಂತ ಹೋದ ಸಂಚಿಕೆಯಲ್ಲಿ ನಾಲ್ಕು ಪುಟ ಗೋಳಾಡಿದ್ದೀರಿ. ನಾವೂ ಇಳಕಲ್ ಸೀರೆಗೆ ಫೋಟೋದವರನ್ನು ಕರೆಸುತ್ತಿದ್ದೆವು. ಮಾಡೆಲ್, ಮೇಕಪ್, ಊಟ, ಗಾಡಿ ಬಾಡಿಗೆ, ಖರ್ಚೋ ಖರ್ಚು. ಈಗ ನನ್ನ ಮಗ ಮೊಬೈಲ್‌ನಲ್ಲೇ ಹುಡುಗಿಯನ್ನು ಮಾಡಿ ಸೀರೆ ಉಡಿಸುತ್ತಾನೆ. ಫೋಟೋಗ್ರಾಫರ್‌ಗಳೇನು ಸತ್ಯಹರಿಶ್ಚಂದ್ರರೇ? ಅವರೂ ತಿದ್ದುತ್ತಾರಲ್ಲ? ಎರಡು ಚಿತ್ರ ಕಳಿಸಿದ್ದೇನೆ, ನೋಡಿ ಹೇಳಿ."

ನಮಸ್ಕಾರ ಅಕ್ಕಾ. ಅಕ್ಕಾ ಅಂತಲೇ ಕರೆಯುತ್ತೇನೆ, ನೀವು ಬೈದ ರೀತಿ ಹಾಗಿದೆ.

ಮೊದಲು ಒಪ್ಪಿಕೊಂಡುಬಿಡುತ್ತೇನೆ, ಅವರು ಹರಿಶ್ಚಂದ್ರರಲ್ಲ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಕ್ಯಾಟಲಾಗ್ ಶೂಟ್ ನೋಡಲು ಹೋಗಿದ್ದೆ. ಮುಂದಿನಿಂದ ನೋಡಿದರೆ ಕುರ್ತಾ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ. ಹಿಂದೆ ಹೋದರೆ ಬೆನ್ನುದ್ದಕ್ಕೂ ಕ್ಲಿಪ್ಪುಗಳು! ಒಬ್ಬ ಹುಡುಗನಿಗೆ ದುಪಟ್ಟಾ ಹಾರಿಸುವುದೇ ಕೆಲಸ. ತುದಿ ಹಿಡಿದು ಮೇಲಕ್ಕೆ ಎಸೆಯಬೇಕು, ಅದು ಕೆಳಗೆ ಬೀಳುವುದರೊಳಗೆ ಫ್ರೇಮ್‌ನಿಂದ ಆಚೆ ಓಡಬೇಕು. ಹನ್ನೊಂದು ಸಲ ಎಸೆದ. ಹನ್ನೆರಡನೆಯದಕ್ಕೆ ಫೋಟೋಗ್ರಾಫರ್ 'ಸರಿ' ಎಂದರು. ಫೋಟೋದಲ್ಲಿ ತಂಗಾಳಿ ಬೀಸಿದ ಹಾಗಿತ್ತು. ಆ ಗಾಳಿಗೆ ದಿನಗೂಲಿ ಕೊಡುತ್ತಿದ್ದರು, ಅಷ್ಟೆ.

ರೀಟಚ್ ಕಥೆ ಇನ್ನೂ ದೊಡ್ಡದು. ಮಾಡೆಲ್‌ನ ಮೈಯನ್ನು ತೆಳ್ಳಗೋ ದಪ್ಪಗೋ ತಿದ್ದಿದ್ದರೆ ಜಾಹೀರಾತಿನ ಮೇಲೆ ಹಾಗಂತ ಬರೆಯಲೇಬೇಕು ಎಂಬ ನಿಯಮ ಫ್ರಾನ್ಸ್‌ನಲ್ಲಿ 2017ರಲ್ಲೇ ಬಂತು, ನಾರ್ವೆಯಲ್ಲಿ 2022ರಲ್ಲಿ. ತಿದ್ದಲು ಒಪ್ಪದವರೂ ಇದ್ದರು ಅನ್ನಿ. 2019ರಲ್ಲಿ ತೀರಿಕೊಂಡ ಜರ್ಮನ್ ಫ್ಯಾಷನ್ ಫೋಟೋಗ್ರಾಫರ್ ಪೀಟರ್ ಲಿಂಡ್‌ಬರ್ಗ್ ಮುಖದ ಗೆರೆ ಅಳಿಸುವುದನ್ನು ಕೊನೆತನಕ ವಿರೋಧಿಸಿದರು. ಫ್ಯಾಷನ್ ಪತ್ರಿಕೆ ಬ್ರಿಟಿಷ್ ವೋಗ್‌ನ 1990ರ ಜನವರಿ ಮುಖಪುಟಕ್ಕೆ ಐವರು ಮಾಡೆಲ್‌ಗಳನ್ನು ನ್ಯೂಯಾರ್ಕಿನ ಬೀದಿಯಲ್ಲಿ ನಿಲ್ಲಿಸಿ ಅವರು ತೆಗೆದ ಕಪ್ಪು-ಬಿಳುಪು ಚಿತ್ರವನ್ನು ಇವತ್ತಿಗೂ ಹೊಸ ಹುಡುಗರು ಎದುರಿಗಿಟ್ಟುಕೊಂಡು ಕಲಿಯುತ್ತಾರೆ.

ಆದರೆ ಅಕ್ಕಾ, ಹನ್ನೆರಡು ಸಲವೂ ಹಾರಿದ್ದು ಅದೇ ದುಪಟ್ಟಾ. ಅದು ತೆಳು ಇದ್ದದ್ದಕ್ಕೆ ಹಾಗೆ ಹಾರಿತು. ದಪ್ಪ ಇದ್ದಿದ್ದರೆ ದೊಪ್ಪನೆ ಬೀಳುತ್ತಿತ್ತು, ಏನು ಮಾಡಿದರೂ ಕ್ಯಾಮೆರಾ ಅದನ್ನು ಮುಚ್ಚಿಡುತ್ತಿರಲಿಲ್ಲ. ನಿಮ್ಮ ಚಿತ್ರಗಳ ಜೊತೆ ನನ್ನ ತಕರಾರು ಇರುವುದು ಇಲ್ಲೇ.

ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಹುಡುಗಿ ಚೆಂದ ಇದ್ದಾಳೆ. ಸೀರೆ ಇಳಕಲ್ ಅಲ್ಲ. ಇಳಕಲ್ ಸೆರಗು ಅಂದರೆ ಕೆಂಪು ರೇಷ್ಮೆ, ನಡುನಡುವೆ ಬಿಳಿ, ಅದರಲ್ಲಿ ಜೋಳದ ತೆನೆಯ ಹಾಗೆ ಏಳುವ ಟೋಪ್ ತೆನಿ. ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಮಗನ ಮೊಬೈಲ್‌ಗೆ ಗೊತ್ತಿಲ್ಲ. ಮೊದಲ ಚಿತ್ರದಲ್ಲಿ ತೆನಿ ಇರಬೇಕಾದ ಜಾಗದಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿದೆ. ಎರಡನೆಯದರಲ್ಲಿ ಸೆರಗು ಒಡಲಿನ ಬಣ್ಣದಲ್ಲೇ ಮುಂದುವರಿದುಬಿಟ್ಟಿದೆ. ಒಡಲಿನ ಹಾಸಿಗೂ (ಮಗ್ಗದ ಉದ್ದೆಳೆಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದೇ ಇಳಕಲ್ ನೇಕಾರನ ಹೆಚ್ಚುಗಾರಿಕೆ, ಅಲ್ವಾ? ಆ ಕೊಂಡಿಯನ್ನೇ ಎಐ ನುಂಗಿ ನೀರು ಕುಡಿದಿದೆ. ಒಂದೇ ಸೀರೆ ಅಂತೀರಿ, ಒಂದು ಚಿತ್ರದಲ್ಲಿ ದಡಿ ಎರಡು ಬೆರಳಗಲ, ಇನ್ನೊಂದರಲ್ಲಿ ಗೇಣಗಲ. ಚಿತ್ರ ನೋಡಿ ದುಡ್ಡು ಕಳಿಸಿದವರು ಕೊರಿಯರ್ ಬಿಚ್ಚಿದಾಗ ಫೋನು ಬರುವುದು ನಿಮ್ಮ ಮಗನಿಗಲ್ಲ, ನಿಮಗೆ.

ಹೋದ ಸಂಚಿಕೆ ಓದದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಅಮೆರಿಕದ ವೋಗ್‌ನ 2025ರ ಆಗಸ್ಟ್ ಸಂಚಿಕೆಯಲ್ಲಿ ಗೆಸ್ ಎಂಬ ಬಟ್ಟೆ ಕಂಪನಿಯ ಜಾಹೀರಾತು ಬಂತು. ಅದರಲ್ಲಿದ್ದ ಹೆಣ್ಣು ಎಲ್ಲೂ ಹುಟ್ಟಿದವಳಲ್ಲ, ಲಂಡನ್ನಿನ ಸೆರಾಫಿನ್ ವಲ್ಲೋರಾ ಎಂಬ ಸಂಸ್ಥೆ ಎಐನಲ್ಲಿ ಮಾಡಿದವಳು. ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಗಂತ ಹಾಕಿದ್ದರು. ಓದುಗರು ಸಿಟ್ಟಾದರು. ಅದು ಪತ್ರಿಕೆಯವರ ಸ್ವಂತ ಪುಟವಲ್ಲ, ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಎಂಬುದು ಗಲಾಟೆಯಲ್ಲಿ ಅನೇಕರಿಗೆ ಗೊತ್ತಾಗಲಿಲ್ಲ.

ಅದೇ ವರ್ಷ ಮಾರ್ಚ್‌ನಲ್ಲಿ ಎಚ್ ಅಂಡ್ ಎಂ ಎಂಬ ಬಟ್ಟೆ ಕಂಪನಿ ಬೇರೆ ದಾರಿ ಹಿಡಿಯಿತು. 30 ಮಾಡೆಲ್‌ಗಳ ಒಪ್ಪಿಗೆ ಪಡೆದು ಎಐನಲ್ಲಿ ಅವರ ತದ್ರೂಪು ಮಾಡುತ್ತೇವೆ, ಹಕ್ಕು ಅವರದ್ದೇ, ಬಳಸಿದರೆ ದುಡ್ಡು ಕೊಡುತ್ತೇವೆ ಎಂದಿತು. ನ್ಯೂಯಾರ್ಕ್ ರಾಜ್ಯದಲ್ಲಿ ಜೂನ್ 2025ರಿಂದ ಕಾನೂನೇ ಬಂದಿದೆ. ಮಾಡೆಲ್‌ನ ಡಿಜಿಟಲ್ ಪ್ರತಿ ಮಾಡಬೇಕಾದರೆ ಯಾಕೆ, ಎಷ್ಟು ದಿನಕ್ಕೆ, ಎಷ್ಟು ದುಡ್ಡಿಗೆ ಅಂತ ಬರಹದಲ್ಲಿ ಪ್ರತ್ಯೇಕ ಒಪ್ಪಿಗೆ ಬೇಕು. ಒಳ್ಳೆಯದೇ. ಆದರೆ ಆ ಕಾನೂನು ಕಾಯುವುದು ಮಾಡೆಲ್‌ಗಳನ್ನು. ಲೈಟ್ ಹಿಡಿಯುವವರು, ಮೇಕಪ್‌ನವರು, ಇಸ್ತ್ರಿ ಹಾಕುವವರು, ನಮ್ಮ ದುಪಟ್ಟಾ ಹುಡುಗ, ಇವರ ಹೆಸರು ಅದರಲ್ಲಿಲ್ಲ.

ನಾವು ಗೋಳಾಡಿದ್ದು ಅವರಿಗಾಗಿ. ದೊಡ್ಡವರಿಗೇನೂ ಆಗುವುದಿಲ್ಲ. ಟೈಲರ್ ಮಿಚೆಲ್‌ನನ್ನೇ ನೋಡಿ. 2018ರಲ್ಲಿ, 23ನೇ ವಯಸ್ಸಿಗೆ, ಗಾಯಕಿ ಬಿಯಾನ್ಸೆಯ ಚಿತ್ರ ತೆಗೆದ. ಅಮೆರಿಕನ್ ವೋಗ್‌ನ 126 ವರ್ಷದಲ್ಲಿ ಮುಖಪುಟಕ್ಕೆ ಚಿತ್ರ ತೆಗೆದ ಮೊದಲ ಕಪ್ಪು ಫೋಟೋಗ್ರಾಫರ್ ಅವನೇ. 2025ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಕಪ್ಪು ಜನರ ಉಡುಪಿನ ಇತಿಹಾಸದ ಮೇಲೆ ಪ್ರದರ್ಶನ ಇಟ್ಟಾಗ ಅದರ ಪುಸ್ತಕಕ್ಕೂ ಅವನನ್ನೇ ಕರೆಯಿತು. ಇಂಥವರ ಕಣ್ಣಿಗೆ ಬೆಲೆ ಇದ್ದೇ ಇರುತ್ತದೆ.

ಎಲ್ಲರೂ 23ಕ್ಕೇ ಮೇಲೆ ಹೋಗುವುದಿಲ್ಲ. ಬೆಂಗಳೂರಲ್ಲಿ ಮಿಂತ್ರಾದಂಥ ಆನ್‌ಲೈನ್ ಅಂಗಡಿಗಳು ಬಂದ ಮೇಲೆ ಎಷ್ಟೋ ಹುಡುಗರು ಕ್ಯಾಟಲಾಗ್ ಕೆಲಸದಲ್ಲೇ ಕೈ ಪಳಗಿಸಿಕೊಂಡರು. ಬಿಳಿ ಗೋಡೆ, ಬೆಳಕನ್ನು ಮೆದುವಾಗಿಸುವ ಎರಡು ಸಾಫ್ಟ್‌ಬಾಕ್ಸ್ ಲೈಟು, ಬೆಳಗಿಂದ ಸಂಜೆತನಕ ಅದೇ ನಾಲ್ಕು ಪೋಸು. ಬೋರು ಹೊಡೆಸುವ ಕೆಲಸ, ಸುಳ್ಳು ಹೇಳುವುದಿಲ್ಲ. ಆದರೆ ಮನೆ ಬಾಡಿಗೆ ಕಟ್ಟುತ್ತಿದ್ದದ್ದು ಅದೇ. ರೇಷ್ಮೆ ಯಾವ ಬೆಳಕಿಗೆ ಹೊಳೆಯುತ್ತದೆ, ಹತ್ತಿ ಯಾವ ಬೆಳಕಿಗೆ ಸಪ್ಪೆಯಾಗುತ್ತದೆ ಅಂತ ಕಲಿಸಿದ್ದೂ ಅದೇ. ಎಐ ಮೊದಲು ಬಾಯಿ ಹಾಕಿರುವುದು ಆ ಕೆಳಗಿನ ಮೆಟ್ಟಿಲಿಗೆ. ಅದು ಹೋದರೆ ಮೇಲಿನದಕ್ಕೆ ಹತ್ತುವವರು ಯಾರು?

ನಿಮ್ಮ ಖರ್ಚಿನ ಕಷ್ಟವೂ ಸುಮ್ನೆ ಅಲ್ಲ. ಹಾಗಾಗಿ ದೊಡ್ಡ ಶೂಟ್ ಮಾಡಿಸಿ ಅಂತ ಹೇಳುವುದಿಲ್ಲ. ಅಂಗಡಿಯಲ್ಲಿ ಬೆಳಗಿನ ಹೊತ್ತು ಬಿಸಿಲು ನೇರ ಬೀಳದ ಕಿಟಕಿ ಇದ್ದರೆ ಸಾಕು. ಟ್ಯೂಬ್‌ಲೈಟ್ ಆರಿಸಿ, ಅದು ಕೆಂಪನ್ನು ಕೆಡಿಸುತ್ತದೆ. ಸೊಸೆಯೋ ಅಂಗಡಿಯ ಹುಡುಗಿಯೋ, ಒಪ್ಪಿದವರಿಗೆ ಸೀರೆ ಉಡಿಸಿ ಕಿಟಕಿಯ ಪಕ್ಕ ನಿಲ್ಲಿಸಿ. ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿದರೆ ಮುಖದ ನೆರಳು ಕಡಿಮೆಯಾಗುತ್ತದೆ. ಸೆರಗನ್ನು ಪೂರ್ತಿ ಬಿಚ್ಚಿ ಒಂದು, ದಡಿಯ ಹತ್ತಿರದಿಂದ ಒಂದು ಚಿತ್ರ ತೆಗೆಯಲಿ. ಮಗನಿಗೆ ಮೊಬೈಲ್ ಕೈಹಿಡಿದಿದೆ ಅಂತೀರಲ್ಲ, ಅವನೇ ತೆಗೆಯಲಿ. ಎಐ ಹುಡುಗಿ ಬೇಕೇಬೇಕೆಂದರೆ ಕೆಳಗೆ ಹಾಗಂತ ಬರೆಯಿರಿ, ಗೆಸ್‌ನವರಿಗಿಂತ ದೊಡ್ಡಕ್ಷರದಲ್ಲಿ. ಹಬ್ಬಕ್ಕೊಮ್ಮೆಯಾದರೂ ನಿಮ್ಮ ಹಳೆಯ ಫೋಟೋದವರನ್ನು ಕರೆಸಿ. ಊಟ ಹೇಗೂ ನಿಮ್ಮ ಮನೆಯದ್ದೇ.

ಅಂದಹಾಗೆ ಒಂದು ಪ್ರಶ್ನೆ. ಇಳಕಲ್ ದಡಿಯಲ್ಲಿ ನಾನಾ ವಿನ್ಯಾಸ ಇವೆಯಲ್ಲ, ಆ ಸೀರೆಯದ್ದು ಗೋಮಿಯೋ ಪರಾಸಪೇಟೋ? ನಮ್ಮ ಆಫೀಸಿನಲ್ಲಿ ಇದೇ ಜಗಳ ನಡೆದಿದೆ, ನಿಮ್ಮ ಎರಡೂ ಚಿತ್ರ ನೋಡಿ ಯಾರಿಗೂ ಹೇಳಲಾಗಲಿಲ್ಲ. ಸೀರೆಯದ್ದೇ ಒಂದು ಫೋಟೋ ಕಳಿಸಿ.